ಹಿತ್ತಿಲ ಮನೆಯ ಉಪ್ಪು

ಮಳವಳ್ಳಿ ಪೇಟೆಯಲ್ಲಿ ಕೊಬ್ಬರಿ ಮಂಡಿ ಖಾನ್ ಸಾಹೇಬರ ಮನೆ ಯಾವುದೆಂದು ಕೇಳಿದರೆ ಸಣ್ಣ ಮಕ್ಕಳೂ ಕೈ ತೋರಿಸುತ್ತವೆ. ಹಸಿರು ಬಣ್ಣದ ಮುಂಬಾಗಿಲು, ನುಣ್ಣನೆಯ ಜಗುಲಿ, ಮಹಡಿಯ ಮೇಲೆ ಎರಡು ನೀರಿನ ಟ್ಯಾಂಕು. ಆ ಮನೆಯಲ್ಲಿ ಉಂಡವರು ವರ್ಷವಾದರೂ ರುಚಿ ಮರೆಯುವುದಿಲ್ಲ. ಆದರೆ ಅದನ್ನು ಬೇಯಿಸುವ ಕೈ ಯಾರದೆಂದು ಕೇಳಿ ನೋಡಿ, ಊರಿಗೂರೇ ತಲೆ ಕೆರೆದುಕೊಳ್ಳುತ್ತದೆ.

ಆ ಕೈ ಸಂದಲಿಯದು. ಏಳು ವರ್ಷದವಳಿದ್ದಾಗ ಒಲೆಯ ಮುಂದೆ ಕೂತವಳು. ಈಗ ಮೂವತ್ತೆಂಟು, ಇನ್ನೂ ಎದ್ದಿಲ್ಲ. ಮನೆಯ ಹಿತ್ತಿಲಲ್ಲಿ, ಕಾಯಿ ಸಿಪ್ಪೆ ರಾಶಿ ಹಾಕುವ ಮೂಲೆಯಲ್ಲಿ ಒಂದು ಹೆಂಚಿನ ಮನೆ. ಅದರಲ್ಲಿ ಅವಳು, ಅವಳ ಅಕ್ಕ ಮೋತಿ, ಒಂಬತ್ತನೇ ತರಗತಿ ಓದುವ ಮಗಳು ಫಿರೋಜಾ, ಮೂವರ ವಾಸ. ಗಂಡ ಜ್ವರ ಬಂದು ತೀರಿಕೊಂಡು ಏಳು ವರ್ಷವಾಗಿತ್ತು. ಮುಂದಿನ ಮನೆಯ ಖಾನ್ ಕುಟುಂಬದವರು ತಮ್ಮತಮ್ಮಲ್ಲಿ ಉರ್ದು ಮಾತಾಡುತ್ತಿದ್ದರು, ಹಿತ್ತಿಲ ಮನೆಯವರ ಜೊತೆ ಮಾತ್ರ ಕನ್ನಡ. ಉರ್ದು ಮನೆತನದ ಮಾತು, ಅದನ್ನು ಆಳುಗಳ ಮೇಲೆ ಯಾಕೆ ಖರ್ಚು ಮಾಡಬೇಕು?

ಅವತ್ತು ಬೆಳಿಗ್ಗೆ ಸಂದಲಿ ಖುರ್ಮಾಕ್ಕೆ ಮಸಾಲೆ ಹುರಿಯುತ್ತಿದ್ದಳು. ಸಾಹೇಬರ ತಾಯಿ, ಎಂಬತ್ತು ದಾಟಿದ ಬಡೀಬಿ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊಮ್ಮಗಳು ಝೀನತ್‌ಳ ನಿಕಾಹ್ ಆಗಲೇ ಮುಗಿದಿತ್ತು. ಹುಡುಗ ಕೊಲ್ಲಿಯ ಕಡೆ ಕೆಲಸದಲ್ಲಿದ್ದ. ಇನ್ನು ನಲವತ್ತು ದಿನಕ್ಕೆ ಮಂಡ್ಯದ ಶಾದಿ ಮಹಲಿನಲ್ಲಿ ರುಖ್ಸತಿ, ಅಂದರೆ ಹೆಣ್ಣನ್ನು ಗಂಡನ ಮನೆಗೆ ಒಪ್ಪಿಸುವ ದಿನ. ಅಡುಗೆ ಪಟ್ಟಿ ಮಾಡಿ ಮುಗಿಸಿದ ಬಡೀಬಿ ಎಲೆ ಮಡಿಸುತ್ತ, ತರಕಾರಿ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳಿದರು.

"ನಾಳೆ ನಿನ್ನ ಮಗಳಿಗೆ ಸ್ಕೂಲು ಬೇಡ. ಮಂಡ್ಯಕ್ಕೆ ಕರ್ಕೊಂಡು ಹೋಗಿ ಫೋಟೋ ತೆಗೆಸ್ಬೇಕು."

"ಯಾತಕ್ಕೆ ಬಡೀಬಿ?"

"ಪಾಸ್‌ಪೋರ್ಟಿಗೆ ಕಣೆ. ಝೀನತ್ ಜೊತೆ ಯಾರು ಹೋಗ್ತಾರೆ ಮತ್ತೆ, ನಿಮ್ಮಜ್ಜಿ ಎದ್ದು ಬರ್ತಾಳಾ?"

ಸಂದಲಿಯ ಕೈಯ ಸೌಟು ಅಲ್ಲೇ ನಿಂತಿತು. ಮಸಾಲೆ ಸೀದ ವಾಸನೆ ಬಂತು. ಮೂವತ್ತೊಂದು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಏನಾದರೂ ಸೀದದ್ದು ಅದೇ ಮೊದಲು.

ಆ ಮನೆಯ ರಿವಾಜನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಅವಳ ಸೌಟು ಯಾಕೆ ನಿಂತಿತು ಎಂಬುದು ತಿಳಿಯುವುದಿಲ್ಲ. ಏಳು ತಲೆಮಾರಿನ ಹಿಂದೆ ಖಾನ್ ಸಾಹೇಬರ ಹಿರಿಯನೊಬ್ಬ ಕುದುರೆ ವ್ಯಾಪಾರ ಮಾಡುತ್ತಿದ್ದನಂತೆ. ಪಡುವಣ ಕಡಲಿಗೆ ಬಂದ ಅರಬ್ಬಿ ಹಡಗಿನಿಂದ ನಾಲ್ಕು ಕುದುರೆಯ ಜೊತೆಗೆ ಒಬ್ಬ ಹುಡುಗನನ್ನೂ ಕೊಂಡು ತಂದ. ಆಫ್ರಿಕದ ಹಬಶ ಸೀಮೆಯ ಹುಡುಗ. ಅವನ ತಾಯಿ ಇಟ್ಟಿದ್ದ ಹೆಸರೇನೆಂದು ಯಾರೂ ಕೇಳಲಿಲ್ಲ. ಯಾಕೂತ್ ಎಂದು ಕರೆದರು, ಕೆಂಪು ಹರಳು ಎಂದು ಅರ್ಥ. ಅಲ್ಲಿಂದಾಚೆಗೆ ಹಿತ್ತಿಲ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಹೆಸರಿಡುವವರು ಮುಂದಿನ ಮನೆಯವರೇ. ಸಂದಲಿ ಎಂದರೆ ಗಂಧ, ಫಿರೋಜಾ ಎಂದರೆ ನೀಲಿ ಹರಳು, ಮೋತಿ ಎಂದರೆ ಮುತ್ತು. ಪೇಟೆಬೀದಿಯ ನಾಯಿಗೂ ಮೋತಿ ಎಂದೇ ಹೆಸರಿತ್ತು. ಕೊಂಡು ತಂದ ಸಾಮಾನಿಗೆ ಇಡುವ ಹೆಸರುಗಳು ಇವು; ಪ್ರವಾದಿಗಳ ಮನೆಯವರ ಹೆಸರು, ಸಂತರ ಹೆಸರು, ಅವರಿಗೆ ಸಲ್ಲುತ್ತಿರಲಿಲ್ಲ.

ಗುಲಾಮರು ಎಂಬ ಮಾತೆತ್ತಿದರೆ ಬಡೀಬಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಥೂ, ಎಂಥ ಮಾತು! ನಮ್ಮ ಮನೆ ಮಕ್ಕಳು ಅವರು" ಅನ್ನುತ್ತಿದ್ದರು. ಮನೆ ಮಕ್ಕಳಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಕೊಡುತ್ತಿರಲಿಲ್ಲ. ಮನೆ ಮಕ್ಕಳು ಜೊತೆಗೆ ಕೂತು ಉಣ್ಣುತ್ತಾರಲ್ಲವೇ? ಅದೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಸಂದಲಿ ಹೇಗೋ ಬಾಳು ಸವೆಸುತ್ತಿದ್ದಳು. ಆದರೆ ಮುಂದಿನ ಮನೆಯ ಹೆಣ್ಣು ಗಂಡನ ಮನೆಗೆ ಹೊರಟಾಗಲೆಲ್ಲ ಹಿತ್ತಿಲ ಮನೆಯ ಒಂದು ಹುಡುಗಿ ಜೊತೆಗೆ ಹೋಗಬೇಕು. ಕಾರು ಹತ್ತುವ ಮೊದಲು ಬೆಳ್ಳಿ ತಟ್ಟೆಯಲ್ಲಿ ಉಪ್ಪು ತರುತ್ತಾರೆ. ಮದುವಣಗಿತ್ತಿ ಅಂಗೈಯಲ್ಲಿ ಉಪ್ಪು ಹಿಡಿಯುತ್ತಾಳೆ, ಹುಡುಗಿ ಮೊಣಕಾಲೂರಿ ಅದನ್ನು ನೆಕ್ಕಬೇಕು. ಹುಡುಗಿಯ ತಲೆಯನ್ನು ಬಗ್ಗಿಸುವವರು ಬೇರೆ ಯಾರೂ ಅಲ್ಲ, ಹೆತ್ತ ತಾಯಿಯೇ. ಒಮ್ಮೆ ಉಪ್ಪು ನಾಲಿಗೆಗೆ ಮುಟ್ಟಿತೆಂದರೆ ಸಾಯುವವರೆಗೂ ಆ ಹುಡುಗಿ ಆ ಹೆಣ್ಣಿನ ಸ್ವತ್ತು. ಹಿಂದೆ ಯಾವಳೋ ಮುತ್ತಜ್ಜಿ ಉಪ್ಪಿಗೆ ಎದುರು ನಿಂತಿದ್ದಕ್ಕೆ ಅವಳ ನಾಲಿಗೆ ಕೊಳೆತು ಹುಳು ಬಿತ್ತಂತೆ. ಈ ಕಥೆಯನ್ನು ಸಂದಲಿ ತಾಯಿಯ ಮಡಿಲಲ್ಲೇ ಕೇಳಿದ್ದಳು, ಮನಸಾರೆ ನಂಬಿದ್ದಳು.

ಗುಲಾಮಗಿರಿ ಕಾನೂನಿನಲ್ಲಿ ಸತ್ತು ಎಷ್ಟೋ ಕಾಲವಾಯಿತು. ಆದರೆ ಕಾನೂನಿಗೆ ಹಿತ್ತಿಲ ದಾರಿ ಗೊತ್ತಿರುವುದು ಕಡಿಮೆ.

ಇಪ್ಪತ್ತನಾಲ್ಕು ವರ್ಷದ ಕೆಳಗೆ ಸಾಹೇಬರ ತಂಗಿ ಕಡಲಾಚೆಯ ಗಂಡನ ಮನೆಗೆ ಹೊರಟಾಗ ಮೋತಿಯ ತಲೆಯನ್ನು ಅವರ ತಾಯಿ ಬಗ್ಗಿಸಿದ್ದಳು. ಸಂದಲಿ ಪಕ್ಕದಲ್ಲೇ ನಿಂತು ನೋಡಿದ್ದಳು. ಮೋತಿಗೆ ಆಗ ಹದಿನೇಳು, ಊರಿಗೆಲ್ಲ ಕೇಳುವಂತೆ ನಗುವ ಹುಡುಗಿ. ಹನ್ನೊಂದು ವರ್ಷ ಅವಳ ಕಾಗದವಿಲ್ಲ, ಫೋನಿಲ್ಲ. ಆಮೇಲೆ ಒಂದು ದಿನ ಕಾರು ಬಂದು ಒಂದು ಹೆಂಗಸನ್ನು ಹಿತ್ತಿಲ ಬಾಗಿಲಲ್ಲಿ ಇಳಿಸಿ ಹೋಯಿತು. ತಲೆ ಬೋಳು, ಎಡಗೈಯ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗೆ ಕಲೆ. ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ಕಳಿಸಿದ್ದರು.

ಮೋತಿ ಬಂದು ಹದಿಮೂರು ವರ್ಷವಾಯಿತು. ಮಾತು ಹತ್ತಕ್ಕೊಂದು. ಮನೆಯಲ್ಲಿ ಎಲ್ಲರೂ ಕೂತರೂ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತೇ ಇರುತ್ತಾಳೆ. "ಕೂತ್ಕಳ್ಳಕ್ಕ" ಎಂದು ಯಾರಾದರೂ ಹೇಳಬೇಕು, ಆಗ ಕೂರುತ್ತಾಳೆ. ಹೇಳುವುದು ಮರೆತರೆ ಕಾಲು ಊದಿಕೊಳ್ಳುವವರೆಗೂ ನಿಂತಿರುತ್ತಾಳೆ. ಸಂದಲಿ ದಿನಕ್ಕೆ ಎಷ್ಟು ಸಲ ಆ ಮಾತು ಹೇಳಿದ್ದಾಳೋ ದೇವರಿಗೇ ಗೊತ್ತು.

ಮಂಡ್ಯದಲ್ಲಿ ಫೋಟೋ ತೆಗೆಸಿಕೊಂಡು ಬಂದ ಫಿರೋಜಾಳನ್ನು ನೋಡಿ ಸಂದಲಿಗೆ ತನ್ನ ಮಗಳೇ ಗುರುತು ಸಿಗಲಿಲ್ಲ. ತುಟಿಗೆ ಬಣ್ಣ, ಕಣ್ಣಿಗೆ ದಪ್ಪ ಕಾಡಿಗೆ, ಝೀನತ್‌ಳ ಹಳೇ ಸೀರೆ ಸುತ್ತಿ, ಎದೆಗೆ ಬಟ್ಟೆ ತುರುಕಿ ದೊಡ್ಡವಳನ್ನಾಗಿ ಮಾಡಿದ್ದರು. ಹುಡುಗಿಗೆ ಖುಷಿಯೋ ಖುಷಿ.

"ಅಮ್ಮಿ, ಇಮಾನದಲ್ಲಿ ಕಿಟಕಿ ಪಕ್ಕ ಕೂರಿಸ್ತಾರಂತೆ. ಅಲ್ಲೇ ಓದುಸ್ತಾರಂತೆ. ಝೀನತ್ ಆಪಾ ಹೇಳುದ್ರು."

"ಇನ್ನೇನು ಹೇಳುದ್ರು?"

"ಯಾರಾದ್ರೂ ವಯಸ್ಸು ಕೇಳುದ್ರೆ ಇಪ್ಪತ್ಮೂರು ಅನ್ಬೇಕಂತೆ."

ಸಂದಲಿ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಮಗಳ ತುಟಿ ಒರೆಸಿದಳು. ಒರೆಸಿದಷ್ಟೂ ಕೆಂಪು ಹರಡಿತು. ಹದಿನಾಲ್ಕು ವರ್ಷದ ಕೂಸಿನ ಮೇಲೆ ಒಂಬತ್ತು ವರ್ಷ ಹೇರಿದವರು ಅಲ್ಲಿಗೆ ಹೋದ ಮೇಲೆ ಇನ್ನೇನೇನು ಹೇರಬಹುದು? ಅವತ್ತಿನಿಂದ ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದಳು, ಬೀದಿಯಲ್ಲಿ ಕಾರು ನಿಂತರೆ ಮಗಳು ಎಲ್ಲಿದ್ದಾಳೆಂದು ಹುಡುಕುತ್ತಿದ್ದಳು.

ಮಾರನೆಯ ದಿನ ಬಡೀಬಿಯ ಕಾಲೊತ್ತುತ್ತ ಧೈರ್ಯ ಮಾಡಿ ಕೇಳಿದಳು. "ನಾನೇ ಓಯ್ತೀನಿ ಬಡೀಬಿ. ಅಡುಗೆ ಬತ್ತದೆ, ಮಕ್ಕಳನ್ನ ನೋಡ್ಕಳಾಕೆ ಬತ್ತದೆ. ಮಗೀನ ಬುಟ್ಬುಡಿ."

ಬಡೀಬಿ ನಕ್ಕುಬಿಟ್ಟರು. "ಹೊಸ ಮನೆಗೆ ಹಳೇ ಪಾತ್ರೆ ಯಾರಾದ್ರೂ ಕಳಿಸ್ತಾರೇನೇ? ಅದೂ ಅಲ್ಲದೆ ನೀನು ಹೋದರೆ ಇಲ್ಲಿ ಬೇಯ್ಸೋರು ಯಾರು? ನಿನ್ನ ಕೈ ಉಪ್ಪಿಲ್ದೆ ನನ್ನ ಮಗನಿಗೆ ಊಟ ಇಳಿಯಲ್ಲ."

ಪಾಸ್‌ಪೋರ್ಟು ಬಂತು. ಫಿರೋಜಾ ಅದನ್ನು ತೋರಿಸಲು ಓಡಿ ಬಂದಳು. ಗೋಡೆಯ ಬಳಿ ನಿಂತಿದ್ದ ಮೋತಿ ಆ ನೀಲಿ ಪುಸ್ತಕವನ್ನು ಕಂಡದ್ದೇ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅಲ್ಲಿಂದಲೇ ಬಾಯಿ ಬಿಟ್ಟಳು.

"ಅದ ಕಿತ್ಕತಾರೆ. ಮೊದುಲ್ನೇ ದಿನಾನೇ ಕಿತ್ಕತಾರೆ. ಆಮೇಲೆ ನೀನು ಇಲ್ಲ."

"ಇಲ್ಲ ಅಂದ್ರೆ ಏನು ದೊಡ್ಡಮ್ಮ?" ಅಂದಳು ಫಿರೋಜಾ, ಇನ್ನೂ ನಗುತ್ತಲೇ.

ಮೋತಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಫಿರೋಜಾಳ ನಗು ಅಲ್ಲಿಗೆ ನಿಂತಿತು. ಅವತ್ತಿನಿಂದ ಆ ಹುಡುಗಿಗೂ ಭಯ ಹಿಡಿಯಿತು.

ಭಯ ಬಿದ್ದ ಮನುಷ್ಯನ ಬುದ್ಧಿ ಎಲ್ಲೆಲ್ಲಿಗೋ ಓಡುತ್ತದೆ. ಸಂದಲಿಯ ಬುದ್ಧಿ ಓಡಿದ್ದು ಉಪ್ಪಿನ ಕಡೆಗೆ. ಕಟ್ಟಿಹಾಕಿರುವುದು ಉಪ್ಪು ತಾನೇ? ಏಳು ತಲೆಮಾರಿನಿಂದ ಮೈಯಲ್ಲಿ ಸೇರಿರುವ ಆ ಮನೆಯ ಉಪ್ಪು ಮಗಳ ಮೈಯಿಂದ ಇಳಿದು ಹೋದರೆ ಋಣವೂ ಇಳಿಯುತ್ತದೆ, ಎದುರು ನಿಂತರೂ ಮಗಳ ನಾಲಿಗೆ ಕೊಳೆಯುವುದಿಲ್ಲ ಎಂದು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿದಳು. ಆ ದಿನದಿಂದ ಫಿರೋಜಾಳಿಗೆ ಸಪ್ಪೆ ಅನ್ನ, ಸಪ್ಪೆ ಮುದ್ದೆ, ಸಪ್ಪೆ ಬೇಳೆ. ಸ್ಕೂಲಿನ ಬಿಸಿಯೂಟವನ್ನೂ ಮುಟ್ಟಕೂಡದೆಂದು ಆಣೆ ಹಾಕಿಸಿಕೊಂಡಳು. ಇಡೀ ಪೇಟೆಗೆ ರುಚಿ ಉಣಿಸುವ ಕೈ ಸ್ವಂತ ಮಗಳಿಗೆ ಸಪ್ಪೆ ಬಡಿಸುತ್ತಿತ್ತು. ಹುಡುಗಿ ಅಮ್ಮನ ಮುಖ ನೋಡಿ ಕಣ್ಣು ಮುಚ್ಚಿ ನುಂಗುತ್ತಿದ್ದಳು.

ಏಪ್ರಿಲ್ ಬಿಸಿಲು, ಬೆವರು ಧಾರಾಕಾರ. ಹದಿನಾರನೆಯ ದಿನ ಶಾಲೆಯ ಅಂಗಳದಲ್ಲಿ ಫಿರೋಜಾ ದೊಪ್ಪೆಂದು ಬಿದ್ದಳು.

ಎತ್ತಿಕೊಂಡು ಬಂದವಳು ಬೆಟ್ಟಮ್ಮ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಐವತ್ತರ ಗಟ್ಟಿ ಜೀವ. ಮಾತು ಕಲ್ಲೆಸೆದ ಹಾಗೆ, ಕರುಳು ಮಾತ್ರ ಬೆಣ್ಣೆ. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಹುಡುಗಿಗೆ ಕುಡಿಸಿ, ಹಿತ್ತಿಲ ಮನೆಯ ಹೊಸ್ತಿಲಲ್ಲಿ ಕೂತು ಕೇಳಿದಳು.

"ಏನವ್ವ ಸಂದಲಿ, ಎರಡು ವಾರದಿಂದ ನನ್ ಸಾರ್ಗೆ ಕೈ ಇಕ್ಕಿಲ್ಲ ನಿನ್ ಮಗ್ಳು. ಕೇಳುದ್ರೆ ಅಮ್ಮಿ ಉಪ್ಪು ಬುಡ್ಸವ್ರೆ ಅಂತಾಳೆ. ಯಾವ ಡಾಕ್ಟ್ರು ಹೇಳುದ್ನವ್ವ ನಿಂಗೆ?"

ಸಂದಲಿ ಮಗಳ ಒಣಗಿದ ತುಟಿ ನೋಡಿ ಎಲ್ಲವನ್ನೂ ಹೇಳಿಬಿಟ್ಟಳು. ತಟ್ಟೆ, ಉಪ್ಪು, ಪಾಸ್‌ಪೋರ್ಟು, ಹುಳು ಬಿದ್ದ ನಾಲಿಗೆ, ಒಂದನ್ನೂ ಮುಚ್ಚಲಿಲ್ಲ.

"ಅಯ್ಯೋ ನಿನ್ ಮನೆ ಕಾಯೋಗ! ಅವ್ರು ಮಗೀನ ಕೊಲ್ಲಾಕೆ ಮುಂಚೆ ನೀನೇ ಕೊಂದಾಕ್ತಿದ್ದೆಲ್ಲವ್ವ" ಎಂದಳು ಬೆಟ್ಟಮ್ಮ. ಆಮೇಲೆ ದನಿ ಇಳಿಸಿದಳು. "ನಮ್ಮಪ್ಪ ಗೌಡ್ರ ಮನೇಲಿ ಜೀತಕ್ಕಿದ್ದ ಕಣವ್ವ, ಕೂದ್ಲು ಬೆಳ್ಳಗಾಗೋಗಂಟ. ಅವ್ನೂ ಇಂಗೇಯ, ಉಂಡ ಮನೆಗೆ ಎರಡು ಬಗೀಬಾರ್ದು, ಉಂಡ ಮನೆಗೆ ಎರಡು ಬಗೀಬಾರ್ದು ಅಂತಲೇ ಸತ್ತ. ಆ ಮಾತ ಅವ್ನಿಗೆ ಕಲಿಸ್ದೋರು ಯಾರು ಗೊತ್ತಾ? ದುಡಿಸ್ಕಂಡೋರು. ರಾಗಿ ಬೆಳೆದೋನು ಇವ್ನು, ಋಣ ಮಾತ್ರ ಉಣ್ಣಾಕೆ ಇಕ್ಕಿದೋರ್ದು. ಇದ್ಯಾವ ನ್ಯಾಯ?"

ಸಂದಲಿಗೆ ಆ ಮಾತು ಪೂರ್ತಿ ಹಿಡಿಯಲಿಲ್ಲ. ಆದರೆ ಎಲ್ಲೋ ಒಂದು ಕಡೆ ಹೋಗಿ ಕೂತಿತು.

ಬೆಟ್ಟಮ್ಮ ಅಷ್ಟಕ್ಕೇ ಬಿಡುವವಳಲ್ಲ. ಎರಡು ಬೀದಿ ಆಚೆಗಿದ್ದ ವದೂದ್ ಮೇಷ್ಟ್ರ ಮನೆಗೆ ಹೋದಳು. ನಿವೃತ್ತ ಉರ್ದು ಮೇಷ್ಟ್ರು, ಸಾಹೇಬರಿಗೆ ಅಕ್ಷರ ಕಲಿಸಿದವರು, ಮಸೀದಿಯಲ್ಲಿ ಅವರ ಮಾತಿಗೆ ತೂಕವಿತ್ತು. ಆ ಸಂಜೆಯೇ ಮೇಷ್ಟ್ರು ಬೆಟ್ಟಮ್ಮನನ್ನು ಕರೆದುಕೊಂಡು ಮುನವ್ವರ್ ಖಾನ್ ಸಾಹೇಬರ ಜಗುಲಿ ಹತ್ತಿದರು. ಬೆಟ್ಟಮ್ಮನಿಗೂ ತಿಳಿಯಲೆಂದು ಕನ್ನಡದಲ್ಲೇ ಮಾತು ತೆಗೆದರು. ಸಂದಲಿ ಚಹಾ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಳು.

"ಮುನವ್ವರ್, ದಿನಕ್ಕೆ ಐದು ಸಲ ಅಜಾನ್ ಕೇಳ್ತೀಯಲ್ಲಪ್ಪ, ಅದನ್ನ ಮೊಟ್ಟಮೊದಲು ಕೂಗಿದವರು ಯಾರು?" ಎಂದರು ಮೇಷ್ಟ್ರು.

"ಹಜರತ್ ಬಿಲಾಲ್. ಇದೇನು ಮೇಷ್ಟ್ರೇ, ಮಗೂನ ಕೇಳೋ ಹಾಗೆ?"

"ಅವರು ಯಾರ ಮಗ? ಹಬಶದ ತಾಯಿಯ ಮಗ. ಗುಲಾಮ. ಕಾದ ಮರಳ ಮೇಲೆ ಮಲಗಿಸಿ ಎದೆ ಮೇಲೆ ಬಂಡೆ ಇಟ್ಟರು ಅವರ ಯಜಮಾನರು. ಬಿಡಿಸಿದವರು ನಮ್ಮ ಹಿರಿಯರು. ಮೊದಲ ಮುಸಲ್ಮಾನರು ಜೀವ ಉಳಿಸಿಕೊಳ್ಳೋಕೆ ಊರು ಬಿಟ್ಟು ಓಡಿದಾಗ ಬಾಗಿಲು ತೆಗೆದವನೂ ಹಬಶದ ದೊರೆಯೇ. ಕರಿಯನಿಗಿಂತ ಬಿಳಿಯ ಮೇಲಲ್ಲ, ನಡತೆಯೊಂದೇ ಮೇಲು ಅಂತ ನಮ್ಮ ಪ್ರವಾದಿಗಳು ಹೇಳಿದ್ದನ್ನ ನಾನೇ ನಿನಗೆ ಪಾಠ ಮಾಡಿದ್ದೆ."

"ಹಾಗಾದರೆ ಖಲೀಫರ ಮನೇಲಿ ಗುಲಾಮರು ಇರಲಿಲ್ವಾ? ಸುಲ್ತಾನರು ಕೊಂಡುಕೊಳ್ಳಲಿಲ್ವಾ?"

"ಕೊಂಡರು. ಅದನ್ನ ನಾನು ಮುಚ್ಚಿಡೋದಿಲ್ಲ." ಎಂದರು ಮೇಷ್ಟ್ರು. "ಗುಲಾಮನನ್ನ ಬಿಡಿಸೋದು ಪುಣ್ಯ ಅಂತ ಓದಿದ ಬಾಯಲ್ಲೇ ಸಂತೆಯಲ್ಲಿ ಚೌಕಾಸಿ ಮಾಡಿದೆವು. ಒಂದು ದಿನ ಅಲ್ಲ, ಸಾವಿರ ವರ್ಷ. ಹಡಗು ಹಡಗು ತುಂಬಿ ತಂದೆವು. ಅವರಲ್ಲಿ ನಾಲ್ಕು ಜನ ಸೇನಾಪತಿಗಳಾದರು, ಅವರ ಹೆಸರು ಹೇಳಿ ಬೀಗ್ತೀವಿ. ದಾರಿಯಲ್ಲೇ ಸತ್ತವರ ಹೆಸರು ಯಾರಿಗೆ ಗೊತ್ತು? ನಿಮ್ಮ ಯಾಕೂತನ ಸ್ವಂತ ಹೆಸರು ನಿನಗೆ ಗೊತ್ತಾ?"

ಒಳಗಿನಿಂದ ಬಡೀಬಿ ಗದರಿದರು. "ನಾವೊಬ್ಬರೇ ಮಾಡಿದ್ದಾ? ಬಿಳಿಯರು ಮಾಡ್ಲಿಲ್ವಾ? ಈ ಬೆಟ್ಟಮ್ಮನ ಕುಲದವರನ್ನ ಗೌಡರು ಜೀತಕ್ಕೆ ಇಟ್ಕೊಳ್ಳಲಿಲ್ವಾ?"

"ಇಟ್ಕಂಡಿದ್ರು ಕಣಮ್ಮ" ಎಂದಳು ಬೆಟ್ಟಮ್ಮ. "ಅದುಕ್ಕೇ ನಂಗೆ ವಾಸ್ನೆ ಬ್ಯಾಗ ಬಡೀತದೆ."

"ಅವರ ಪಾಪ ಅವರ ಮಕ್ಕಳು ತೊಳೀಲಿ ಅಮ್ಮಾ, ನಮ್ಮ ಅಂಗಳ ನಾವು ಗುಡಿಸೋಣ" ಎಂದರು ಮೇಷ್ಟ್ರು.

"ಝೀನತ್ ಇನ್ನೂ ಮಗು. ಗೊತ್ತಿಲ್ಲದ ದೇಶ. ಅವಳಿಗೆ ಅಲ್ಲಿ ಯಾರಿದ್ದಾರೆ ಹೇಳಿ?" ಎಂದರು ಬಡೀಬಿ.

"ಫಿರೋಜಾಗೆ ಅಲ್ಲಿ ಯಾರಿದ್ದಾರೆ?"

ಮುನವ್ವರ್ ಖಾನ್ ಎದ್ದು ನಿಂತರು. "ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಅದು ಉಳೀಬೇಕು ಅಂದರೆ ಇವತ್ತಿಗೆ ಸಾಕು."

ಆ ಗೌರವದ ಫಲ ಅರ್ಧ ಗಂಟೆಯಲ್ಲೇ ಕಾಣಿಸಿತು. ರುಖ್ಸತಿ ಮುಗಿಯುವವರೆಗೆ ಹುಡುಗಿ ಝೀನತ್ ಜೊತೆಗೇ ಇರಲಿ ಎಂದು ಫಿರೋಜಾಳನ್ನು ಮಹಡಿಗೆ ಹತ್ತಿಸಿದರು. ಮೆಟ್ಟಿಲ ಬಾಗಿಲಿಗೆ ಬೀಗ ಬಿತ್ತು. ಸಾಹೇಬರು ಅಡುಗೆಮನೆಗೆ ಬಂದು ಸಂದಲಿಯ ಮುಂದೆ ನಿಂತು ಮೆಲ್ಲಗೆ ಹೇಳಿದರು. ಕೂಗಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹಿತ್ತಿಲ ಮನೆ ಯಾರದ್ದು ಅಂತ ನೆನಪಿರಲಿ. ಬಾಯಿ ಬಿಟ್ಟರೆ ಅದೇ ಕ್ಷಣ ಖಾಲಿ. ಆ ಹುಚ್ಚಿ ಮೋತಿನ ಕಟ್ಕೊಂಡು ಯಾವ ಬಸ್ ಸ್ಟ್ಯಾಂಡಲ್ಲಿ ಮಲಗ್ತೀಯ?"

ಆಮೇಲಿನ ದಿನಗಳಲ್ಲಿ ಸಂದಲಿ ಮಗಳನ್ನು ಕಂಡದ್ದು ಮಹಡಿಯ ಕಿಟಕಿಯಲ್ಲಿ ಮಾತ್ರ. ಮಧ್ಯಾಹ್ನ ಪಾತ್ರೆ ತೊಳೆಯಲು ಹಿತ್ತಿಲಿಗೆ ಬಂದಾಗ ಸರಳಿನ ಸಂದಿಯಿಂದ ಒಂದು ಪುಟ್ಟ ಕೈ ಆಡುತ್ತಿತ್ತು. ಒಂದು ದಿನ ಆ ಕೈಗೆ ಮೆಹಂದಿ ಹಚ್ಚಿದ್ದರು. ಸಂದಲಿ ಪಾತ್ರೆಯ ಮೇಲೆ ಬಗ್ಗಿ, ಬೂದಿ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು.

ಹಿತ್ತಿಲ ಗೋಡೆಯ ಆಚೆಯಿಂದ ಬೆಟ್ಟಮ್ಮ ಕರೆದದ್ದು ಅದೇ ಹೊತ್ತಿಗೆ. "ಏ ಸಂದಲಿ, ಅಳ್ಬ್ಯಾಡ, ಕೇಳು. ಮಕ್ಕಳ ಸಹಾಯವಾಣಿಗೆ ಪೋನ್ ಮಾಡಿವ್ನಿ. ರುಕ್ಸತಿ ದಿನ ಮಂಡ್ಯಕ್ಕೇ ಬತ್ತಾರೆ. ಸ್ಕೂಲ್ ದಾಖ್ಲೆ ನಾನು ತತ್ತೀನಿ. ಆದ್ರೆ ಪಾಸ್‌ಪೋರ್ಟ್ನಲ್ಲಿ ಇಪ್ಪತ್ಮೂರು ಅಂತ ಅದೆ, ನಾನೇ ಇಷ್ಟಪಟ್ಟು ಓಯ್ತೀನಿ ಅಂತ ಹುಡ್ಗೀಗೆ ಹೇಳ್ಕೊಟ್ಟಿರ್ತಾರೆ. ನೀನು ಎತ್ತ ತಾಯಿ ಸುಮ್ಕಿದ್ರೆ ಎಲ್ಲ ನೀರಲ್ಲಿ ಹೋಮ. ಮಾತು ನಿನ್ ಬಾಯಿಂದ ಬರ್ಬೇಕು ಕಣವ್ವ."

"ನನ್ ನಾಲ್ಗೆ ಕೊಳೀತದೆ ಬೆಟ್ಟಮ್ಮಕ್ಕ."

"ಆಡ್ದೆ ಇದ್ರೂ ಕೊಳೀತದೆ."

ರುಖ್ಸತಿಯ ದಿನ ಬಂತು. ನಸುಕಿನಿಂದಲೇ ಶಾದಿ ಮಹಲಿನ ಹಿಂಭಾಗದಲ್ಲಿ ಎಂಟು ದೇಗ, ಎಂಟು ದೊಡ್ಡ ಹಂಡೆ ಬಿರಿಯಾನಿ ಸಂದಲಿಯ ಕೈಯಲ್ಲಿ ಬೆಂದವು. ಪಾತ್ರೆ ಎತ್ತಿ ಇಳಿಸಲು ಆಳುಗಳಿದ್ದರು. ಆದರೆ ಬಡೀಬಿಯ ಅಪ್ಪಣೆಯಂತೆ ಒಂದೊಂದು ದೇಗಕ್ಕೂ ಉಪ್ಪು ಹಾಕಿದವಳು ಅವಳೊಬ್ಬಳೇ. ಆರು ನೂರು ಮಂದಿ ಉಂಡರು. ಬೆರಳು ಚೀಪಿಕೊಂಡು ಎದ್ದರು.

ಮೂರು ಗಂಟೆಗೆ ಹೂವಿನ ಕಾರು ಬಾಗಿಲಿಗೆ ಬಂತು. ಹೆಂಗಸರೆಲ್ಲ ಸುತ್ತ ನೆರೆದರು. ಝೀನತ್ ಕೆಂಪು ಘಾಘ್ರದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಅವಳ ಪಕ್ಕದಲ್ಲಿ ಹಸಿರು ಸೀರೆ ಸುತ್ತಿದ ಫಿರೋಜಾ. ಹುಡುಗಿಯ ಕಣ್ಣು ಜನರ ನಡುವೆ ಅಮ್ಮನನ್ನು ಹುಡುಕುತ್ತಿತ್ತು. ಬಡೀಬಿ ಬೆಳ್ಳಿ ತಟ್ಟೆ ತಂದರು. ಝೀನತ್ ಅಂಗೈ ಚಾಚಿದಳು. ಅದರ ಮೇಲೆ ಒಂದು ಹಿಡಿ ಬಿಳಿ ಉಪ್ಪು ಬಿತ್ತು.

"ಬಾರೇ ಸಂದಲಿ, ತಲೆ ಬಗ್ಗಿಸು."

ಸಂದಲಿ ಬಂದಳು. ಬಾಗಿಲ ಹತ್ತಿರ ಬೆಟ್ಟಮ್ಮ ಕಂಡಳು, ಮೇಷ್ಟ್ರು ಕಂಡರು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಇಬ್ಬರು ಕಂಡರು. ಗೋಡೆಗೆ ಬೆನ್ನು ಕೊಟ್ಟು ನಿಂತ ಮೋತಿ ಕಂಡಳು. ಫಿರೋಜಾ ಮೊಣಕಾಲೂರಿದಳು. ಸಂದಲಿಯ ಕೈ ಮಗಳ ನೆತ್ತಿಯ ಮೇಲೆ ಕೂತಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳ ತಾಯಿಯ ಕೈ ಮೋತಿಯ ನೆತ್ತಿಯ ಮೇಲೆ ಹೀಗೇ ಕೂತಿತ್ತು. ಮಗಳ ಮೈ ಕೋಳಿಮರಿಯ ಹಾಗೆ ಅದುರುತ್ತಿರುವುದು ಅಂಗೈಗೆ ತಿಳಿಯಿತು.

"ಅಮ್ಮಿ" ಎಂದಿತು ಹುಡುಗಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ.

ಸಂದಲಿಯ ಕೈ ನೆತ್ತಿಯಿಂದ ಗಲ್ಲಕ್ಕೆ ಇಳಿಯಿತು. ಗಲ್ಲ ಹಿಡಿದು ಮಗಳ ಮುಖವನ್ನು ಮೇಲಕ್ಕೆತ್ತಿದಳು.

"ಎದ್ದೇಳು ಮಗಾ."

"ಏನೇ ಇದು?" ಎಂದರು ಬಡೀಬಿ. "ಉಪ್ಪು ತಿಂದ ಮನೆಗೆ ದ್ರೋಹಾನಾ? ನಮಕ್ ಹರಾಮ್!"

ಸಂದಲಿ ಮಾತು ಬರುವುದಿಲ್ಲ ಎಂದುಕೊಂಡಳು. ಬಂತು.

"ಯಾರ ಉಪ್ಪು ಬಡೀಬಿ? ಈವತ್ತು ಎಂಟು ದೇಗಕ್ಕೆ ಉಪ್ಪು ಆಕಿದ್ದು ಯಾರ ಕೈ? ಮೂವತ್ತೊಂದು ವರ್ಷದಿಂದ ನಿಮ್ಮನೆ ಅನ್ನಕ್ಕೆ, ಸಾರಿಗೆ, ನಿಮ್ ಮಕ್ಕಳ ಗಂಜಿಗೆ ಉಪ್ಪು ಆಕಿದ್ದು ಯಾರ ಕೈ? ನನ್ ಕೈ. ನಮ್ಮವ್ವನ ಕೈ, ಅವಳವ್ವನ ಕೈ. ಏಳು ತಲೆಯಿಂದ ನಮ್ ಕೈ ಉಪ್ಪು ತಿಂದೋರು ನೀವು." ಅವಳು ನೆರೆದ ಜನರ ಕಡೆ ತಿರುಗಿದಳು. "ನೀವೆಲ್ಲ ಈಗ ಉಂಡು ಎದ್ದಿದ್ದೂ ನನ್ ಕೈ ಉಪ್ಪೇ. ಉಪ್ಪು ತಿಂದೋರು ಆಳಾಗಬೇಕು ಅಂದ್ರೆ ನೀವೆಲ್ಲ ನನ್ ಆಳುಗಳಾ? ಬಗ್ಗುಸ್ಲಾ ನಿಮ್ ತಲೆಯ?"

ಮುನವ್ವರ್ ಖಾನ್ ಮುಂದೆ ನುಗ್ಗಿದರು. ಅವರಿಗೂ ಸಂದಲಿಗೂ ನಡುವೆ ವದೂದ್ ಮೇಷ್ಟ್ರು ಬಂದು ನಿಂತರು. ಗುರುತಿನ ಚೀಟಿಯ ಹೆಂಗಸು ಬಗ್ಗಿ ಕೇಳಿದಳು, "ವಯಸ್ಸೆಷ್ಟಮ್ಮ ನಿಂಗೆ?"

ಫಿರೋಜಾ ಬಡೀಬಿಯ ಮುಖ ನೋಡಿದಳು, ಝೀನತ್‌ಳ ಮುಖ ನೋಡಿದಳು, ಆಮೇಲೆ ಅಮ್ಮನ ಸೆರಗು ಬಿಗಿಯಾಗಿ ಹಿಡಿದುಕೊಂಡಳು. "ಹದಿನಾಲ್ಕು. ಒಂಬತ್ತನೇ ಕ್ಲಾಸು ಬಿ ಸೆಕ್ಷನ್."

ಝೀನತ್‌ಳ ಬೆರಳ ಸಂದಿಯಿಂದ ಉಪ್ಪು ಸೋರಿ ಘಾಘ್ರದ ಮೇಲೆ ಬಿತ್ತು. ಅವಳು ಅದನ್ನು ಕೊಡವಲೂ ಇಲ್ಲ, ತಲೆ ಎತ್ತಲೂ ಇಲ್ಲ.

ಅಧಿಕಾರಿಗಳು ಶಾಲೆಯ ದಾಖಲೆ ನೋಡಿದರು, ಪಾಸ್‌ಪೋರ್ಟು ವಶಕ್ಕೆ ತೆಗೆದುಕೊಂಡರು, ನಾಳೆ ತಾಯಿ ಮಗಳು ಕಚೇರಿಗೆ ಬರಬೇಕೆಂದು ಹೇಳಿದರು. ಸಾಹೇಬರ ಮನೆಯವರು ಹಿತ್ತಿಲ ಮನೆಗೆ ಬೀಗ ಹಾಕಿಸಲು ಆಗಲೇ ಫೋನ್ ಮಾಡಿದ್ದರು. ಗೆದ್ದೆವೆಂದು ಸಂದಲಿಗೆ ಅನ್ನಿಸಲಿಲ್ಲ. ಉಟ್ಟ ಬಟ್ಟೆಯಲ್ಲಿ ಮೂವರು ಹೆಂಗಸರು, ಕೈಯಲ್ಲಿ ಬಿಡಿಗಾಸಿಲ್ಲ. ಪದೇ ಪದೇ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನೋಡಿಕೊಳ್ಳುತ್ತಿದ್ದಳು. ನಾಲಿಗೆ ಇತ್ತು, ನೆಟ್ಟಗೇ ಇತ್ತು.

"ನಮ್ಮನೇಲಿ ಜಾಗ ಅದೆ, ನಡೀರಿ" ಎಂದು ಬೆಟ್ಟಮ್ಮ ಮೂವರನ್ನೂ ಮಂಡ್ಯದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಂದಳು. ಮಳವಳ್ಳಿ ಬಸ್ಸು ಖಾಲಿಯಿತ್ತು. ಫಿರೋಜಾ ಕಿಟಕಿ ಪಕ್ಕ ಕೂತಳು. ಸಂದಲಿ ಅವಳ ಬದಿಗೆ ಕೂತಳು. ಮೋತಿ ಬಂದು ಎದುರಿನ ಸೀಟಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು.

"ಕೂತ್ಕಳ್ಳಕ್ಕ" ಎಂಬ ಮಾತು ಸಂದಲಿಯ ಬಾಯಿಯವರೆಗೂ ಬಂತು. ಯಾಕೋ ತಡೆದುಕೊಂಡಳು. ಬಸ್ಸು ಹೊರಟಿತು, ತಿರುವಿನಲ್ಲಿ ಕುಲುಕಿತು. ಮೋತಿ ಖಾಲಿ ಸೀಟನ್ನೇ ನೋಡುತ್ತಿದ್ದಳು. ಹಿಂದೆ ತಿರುಗಿ ನೋಡಿದಳು, ಡ್ರೈವರನ ಕಡೆ ನೋಡಿದಳು. ಯಾರೂ ಏನೂ ಹೇಳಲಿಲ್ಲ.

ಹದಿಮೂರು ವರ್ಷದ ಮೇಲೆ ಮೋತಿ, ಯಾರ ಅಪ್ಪಣೆಯೂ ಇಲ್ಲದೆ, ತಾನೇ ಕೂತಳು.